ಚಿಂತೆಗೂ ಗ್ರೂಪ್ ರೇಟು

ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ಹೆಚ್ಚುವ ಹೊತ್ತಿಗೆ ಯಾರಾದರೂ ಗಂಟೆ ಒತ್ತಿದರೆ ಬಾಗಿಲು ತೆಗೆಯಲು ನಾನೇ ಹೋಗಬೇಕು. ನನ್ನ ಹೆಂಡತಿ ಸುಮಂಗಲಾ ಹೋದಳೆಂದರೆ ಬಂದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಮೊನ್ನೆ ಕೊರಿಯರ್‌ನವರು ಪೊಟ್ಟಣವನ್ನು ಹೊಸ್ತಿಲ ಮೇಲಿಟ್ಟು, ಸಹಿಯನ್ನೂ ಕೇಳದೆ ಮೆಟ್ಟಿಲಿಳಿದು ಹೋದರು. ಅವರದೇನೂ ತಪ್ಪಿಲ್ಲ. ಆ ಹೊತ್ತಿನಲ್ಲಿ ಆಕೆಯ ಮುಖದ ಮೇಲೆ ಸಮುದ್ರದಲ್ಲಿ ಮುಳುಗುವವರು ಹಾಕಿಕೊಳ್ಳುವ ಮಾಸ್ಕ್ ಇರುತ್ತದೆ. ಅಂಗೈಯಗಲದ ಗಾಜು, ಸುತ್ತಲೂ ಕರಿ ರಬ್ಬರು, ಮೂಗಿಗೆ ಬೇರೆಯೇ ಒಂದು ಗೂಡು. ಕಣ್ಣಲ್ಲಿ ನೀರು ಬರದಂತೆ ಉಳ್ಳಾಗಡ್ಡಿ ಹೆಚ್ಚಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಎದುರು ಮನೆಯ ಮರಾಠಿ ಹೆಂಗಸು, ನಮ್ಮೆಲ್ಲರ ಕಾಕು, ಘಾಟಿನ ಸಾವಜಿ ಮಸಾಲೆ ಹುರಿಯುವ ದಿನ ಇದನ್ನೇ ಕಡ ಕೇಳಿ ಒಯ್ಯುತ್ತಾರೆ.

ಒಂದೇ ತೊಂದರೆ. ಮೂಗು ಮುಚ್ಚಿಹೋಗುವುದರಿಂದ ಮಾತಾಡಿದರೆ ದನಿ ಕೊಡದೊಳಗಿಂದ ಬಂದಂತೆ ಬರುತ್ತದೆ. ಹಾಗಾಗಿ ಆಕೆ ಕೈಸನ್ನೆಯಲ್ಲೇ ಸಂಸಾರ ನಡೆಸುತ್ತಾಳೆ. ಕೊತ್ತಂಬರಿ ಬೇಕು, ಹಾಲು ಉಕ್ಕುತ್ತಿದೆ, ಸುಮ್ಮನಿರಿ, ಎಲ್ಲಕ್ಕೂ ಒಂದೊಂದು ಸನ್ನೆ. ಈ ವಿದ್ಯೆಯನ್ನು ಆಕೆ ಕಲಿತದ್ದು ಸಮುದ್ರದ ತಳದಲ್ಲಿ.

ನಾಗಪುರದವರಿಗೆ ಸಮುದ್ರ ಎಲ್ಲಿಂದ ಬಂತು ಎಂದು ನೀವು ಕೇಳುವುದು ಸಹಜ. ದೇಶದ ನಟ್ಟನಡುವಿನ ಊರು ಇದು. ಯಾವ ದಿಕ್ಕಿಗೆ ಹೊರಟರೂ ಸಮುದ್ರ ಒಂದೇ ಸಮ ದೂರ. ಸುನಾಮಿಯ ಚಿಂತೆ ಇರುವುದಿಲ್ಲ ಎಂಬ ಒಂದೇ ಕಾರಣಕ್ಕೆ ನಾನು ಹುಬ್ಬಳ್ಳಿಯಿಂದ ಇಲ್ಲಿಗೆ ವರ್ಗವಾದಾಗ ತಕರಾರು ಮಾಡಲಿಲ್ಲ. ನನ್ನ ನೌಕರಿ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ. ಹಸಿರು ದೀಪ ಕಂಡರೆ ಜನರಿಗೆ ಸಂತೋಷವಾಗುತ್ತದೆ, ನನಗೆ ಸಂಶಯ ಬರುತ್ತದೆ. ಸಂಶಯಕ್ಕೆ ಸಂಬಳ ಕೊಡುವ ಇಲಾಖೆ ಸಿಕ್ಕದ್ದು ನನ್ನ ಪುಣ್ಯ. ಮನೆಯಲ್ಲಿ ಮಾತ್ರ ಅದನ್ನು ಪುಕ್ಕಟೆಯಾಗಿ ಮಾಡುತ್ತೇನೆ.

ಅಂಥ ಊರಿನ ಸದರ್ ಪೇಟೆಯಲ್ಲಿ, ಒಂದು ಬೂಟಿನ ಅಂಗಡಿಗೂ ಒಂದು ದರ್ಜಿ ಅಂಗಡಿಗೂ ನಡುವೆ, ವಾನಖೇಡೆ ಎಂಬವರು ಡೈವಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ. ನೌಕಾದಳದಲ್ಲಿದ್ದು ನಿವೃತ್ತರಾಗಿ ಊರಿಗೆ ಮರಳಿದವರು. ಬೋರ್ಡಿನ ಮೇಲೆ ಒಂದು ಶಾರ್ಕ್ ಇದೆ. ಬರೆದ ಪೇಂಟರ್‌ಗೆ ನಮ್ಮ ಸುತ್ತಲ ಕಾಡಿನ ಹುಲಿ ಮಾತ್ರ ಗೊತ್ತಿದ್ದುದರಿಂದ ಆ ಶಾರ್ಕ್‌ಗೆ ಮೀಸೆ ಬಂದಿದೆ. ಒಳಗೆ ಒಂದು ಗೋಡೆಗೆ ಮಾಸ್ಕು, ಉಸಿರಾಡುವ ನಳಿಗೆ, ಬಾತುಕೋಳಿಯ ಪಾದದಂಥ ರಬ್ಬರಿನ ಪಾದರಕ್ಷೆ. ಇನ್ನೊಂದು ಗೋಡೆಯ ತುಂಬ ನೀರು ತುಂಬಿಸಿ ಗಾಳಿ ತಂಪು ಮಾಡುವ ಕೂಲರುಗಳು. ನಾಗಪುರದ ಬೇಸಿಗೆಯಲ್ಲಿ ಕೂಲರ್ ಇಲ್ಲದವನು ಬದುಕಿದ ದಾಖಲೆ ಇಲ್ಲ. "ಎರಡೂ ನೀರಿನ ಧಂದೆನೇ ಸಾಹೇಬ್" ಎನ್ನುತ್ತಾರೆ ವಾನಖೇಡೆ. ಅವರ ಮಾತು ಅರ್ಧ ಮರಾಠಿ, ಅರ್ಧ ಹಿಂದಿ. ನಾನಿಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾವು ಹೋದದ್ದು ಕೂಲರಿನ ಪಂಪು ಬದಲಿಸಲು. ಅವರು ಪಂಪು ಹುಡುಕುವಷ್ಟರಲ್ಲಿ ಸುಮಂಗಲಾಳ ಕಣ್ಣು ಗೋಡೆಯ ಮೇಲಿದ್ದ ಒಂದು ಫೋಟೋದ ಮೇಲೆ ಬಿತ್ತು. ನೀಲಿ ನೀರಿನಲ್ಲಿ ಒಂದು ಆಮೆ, ಯಾರದೋ ಮದುವೆಗೆ ತಡವಾಗಿ ಹೊರಟಂತೆ ಈಜುತ್ತಿತ್ತು.

"ಇದು ಯಾವ ದೇಶದ್ದು?" ಎಂದಳು.

"ದೇಶ ಯಾವುದು ವಹಿನೀ, ನಿಮ್ಮ ಕರ್ನಾಟಕದ್ದೇ. ಮುರ್ಡೇಶ್ವರದ ಎದುರಿಗೆ ನೇತ್ರಾಣಿ ದ್ವೀಪ ಅಂತ ಇದೆಯಲ್ಲ, ಅಲ್ಲೀದು. ಪ್ರತಿ ವರ್ಷ ಕೂಲರಿನ ಸೀಸನ್ ಶುರುವಾಗೋ ಮೊದಲು ಗ್ರೂಪ್ ಒಯ್ತೀನಿ. ಅಂದ್ರೆ, ಒಯ್ಯಬೇಕು ಅಂತ ಮಾಡ್ತೀನಿ."

ಪಂಪು ತೆಗೆದುಕೊಂಡು ಮನೆಗೆ ಹೊರಟೆವು. ರಾಮದಾಸಪೇಠ್ ದಾಟಿದ ಮೇಲೆ ಸ್ಕೂಟರಿನ ಹಿಂದಿನಿಂದ ದನಿ ಬಂತು. "ನಮ್ಮ ಊರಾಗ ಗಂಡು ಹುಡುಗರು ಬಾವಿಗೆ ಜಿಗೀತಿದ್ರು. ನಾವು ಹಗ್ಗ ಇಳಸ್ತಿದ್ವಿ. ಹದಿನೆಂಟು ವರ್ಷ ಅದ ಬಾವಿ ನೀರು ಸೇದೇನಿ. ತಳಾ ಹೆಂಗೈತಿ ಅಂತ ಒಮ್ಮೆನೂ ನೋಡಿಲ್ರಿ."

"ಬಾವಿ ತಳದಾಗ ಏನಿರ್ತೈತಿ? ಕೊಡಾ, ಕೆಸರು."

"ಅದನ್ನ ನೀವು ನೋಡೀರೇನು?"

ನಾನು ಹಾರ್ನ್ ಒತ್ತಿದೆ. ಎದುರಿಗೆ ಯಾರೂ ಇರಲಿಲ್ಲ.

ನೋಡಿಲ್ಲ, ನಿಜ. ಆದರೆ ಬಾವಿಗೆ ಹೋದವನು ನಾನು. ನಮ್ಮ ಸೋದರಮಾವ ಬೇಸಿಗೆಯಲ್ಲಿ ಓಣಿಯ ಹುಡುಗರಿಗೆಲ್ಲ ತೋಟದ ಬಾವಿಯಲ್ಲಿ ಈಜು ಕಲಿಸುತ್ತಿದ್ದರು. ಒಬ್ಬಿಬ್ಬರು ಬಂದರೆ ಕಲಿಸುತ್ತಿರಲಿಲ್ಲ. ಐದಾರು ಜನ ಕೂಡಿದರೇ ಹೊರಡುತ್ತಿದ್ದರು. ಅಷ್ಟು ಮನೆಗಳಿಂದ ಬರುವ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನವನ್ನು ಬಾವಿಯ ದಂಡೆಯಲ್ಲಿ ಸಾಲಾಗಿ ಇಡಿಸಿ ಮೊದಲು ಅದರ ಪರೀಕ್ಷೆ ಮಾಡುತ್ತಿದ್ದರು. ಆಮೇಲೆ ಒಬ್ಬೊಬ್ಬನ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ನೂಕುತ್ತಿದ್ದರು. ನನ್ನ ಸರದಿ ಬಂದಾಗ ನಾನು ಬಟ್ಟೆ ಕಾಯುತ್ತಿದ್ದೆ. ಯಾರೂ ಹೇಳಿರಲಿಲ್ಲ. ಇಷ್ಟೊಂದು ಚಡ್ಡಿ ಅಂಗಿಗಳನ್ನು ಹೀಗೆ ಬಿಟ್ಟರೆ ಹೇಗೆ ಎಂದು ನನಗೇ ಅನ್ನಿಸುತ್ತಿತ್ತು. ಮೂರು ಬೇಸಿಗೆ ಕಾದೆ. ಒಂದು ಗುಂಡಿ ಕೂಡ ಕಳುವಾಗಲಿಲ್ಲ. ಆ ಬಗ್ಗೆ ನನಗೆ ಈಗಲೂ ಹೆಮ್ಮೆ ಇದೆ.

ಮರುವಾರವೇ ಸುಮಂಗಲಾ ನನ್ನನ್ನು ಮತ್ತೆ ಸದರ್‌ಗೆ ಎಳೆದುಕೊಂಡು ಹೋದಳು. ವಾನಖೇಡೆ ಚಹಾ ತರಿಸಿ ತಮ್ಮ ವ್ಯಾಪಾರದ ಗುಟ್ಟು ಬಿಡಿಸಿ ಹೇಳಿದರು. ನಾಗಪುರದಲ್ಲಿ ಮಾಸ್ಕು ಮಾರಿ ಯಾರ ಹೊಟ್ಟೆಯೂ ತುಂಬುವುದಿಲ್ಲ. ಈಜುಕೊಳದಲ್ಲಿ ಕಲಿಸಿ ಬಂದದ್ದು ಈಜುಕೊಳದ ಬಾಡಿಗೆಗೇ ಹೋಗುತ್ತದೆ. ಉಳಿದದ್ದು ಗ್ರೂಪ್ ಟ್ರಿಪ್. ಮುರ್ಡೇಶ್ವರದ ದೋಣಿಯವರು ಎಂಟು ಜನರನ್ನು ಕರೆತಂದರೆ ಕರೆತಂದವರಿಗೆ ಒಂಬತ್ತನೆಯ ಸೀಟು ಪುಕ್ಕಟೆ ಕೊಡುತ್ತಾರೆ. ಒಬ್ಬರು ಕಡಿಮೆಯಾದರೂ ಟ್ರಿಪ್ ರದ್ದು.

"ಅಂದ್ರೆ ನಿಮ್ಮ ಲಾಭ?" ಎಂದೆ.

"ಆ ಒಂದು ಸೀಟು."

"ಅಷ್ಟೇ?"

"ಸಾಹೇಬ್, ವರ್ಷಕ್ಕೊಮ್ಮೆ ಆ ಸೀಟಿನಾಗ ಕೂತು ನೀರಿಗೆ ಇಳೀಲಿಕ್ಕೇ ನಾನು ವರ್ಷಪೂರ್ತಿ ಕೂಲರ್ ಮಾರ್ತೀನಿ. ಎರಡು ವರ್ಷದಿಂದ ಒಬ್ಬಿಬ್ಬರು ಕಡಿಮೆ ಬಿದ್ದು ಇಳಿದೇ ಇಲ್ಲ."

ನನ್ನ ಕಿವಿಗೆ ಬಿದ್ದದ್ದು ಕೊನೆಯ ವಾಕ್ಯ ಮಾತ್ರ. ಎರಡು ವರ್ಷದಿಂದ ರದ್ದು! ಈ ಸಲವೂ ಆಗುವುದು ಖಂಡಿತ. ಹೆಂಡತಿಯ ಮನಸ್ಸನ್ನೂ ನೋಯಿಸಿದಂತಾಗಲಿಲ್ಲ, ನೀರಿಗೂ ಇಳಿದಂತಾಗಲಿಲ್ಲ. ಬಹಳ ಉದಾರವಾಗಿ ಇಬ್ಬರ ಹೆಸರನ್ನೂ ಬರೆಸಿದೆ. ಸುಮಂಗಲಾ ನನ್ನನ್ನು ಅಕ್ಕರೆಯಿಂದ ನೋಡಿದಳು. ಅಂದು ರಾತ್ರಿ ಊಟಕ್ಕೆ ಹೋಳಿಗೆ ಇತ್ತು.

ಆದರೂ ಚಿಂತೆಗಾರನ ಬುದ್ಧಿ ಸುಮ್ಮನಿರುತ್ತದೆಯೇ? ಹಳೆಯ ಮದುವೆ ಕಾರ್ಡಿನ ಹಿಂದೆ ಲೆಕ್ಕ ಹಾಕಿದೆ. ನಾವಿಬ್ಬರೇ ರೈಲು ಹತ್ತಿ ನೇರವಾಗಿ ಹೋದರೆ ಒಂದು ಇಳಕಲ್ ಸೀರೆಯಷ್ಟು ದುಡ್ಡು ಉಳಿಯುತ್ತಿತ್ತು. ತೋರಿಸಿದೆ. ಆಕೆ ಓದಿ, "ಎಲ್ಲಾ ಬರೋಬರ್ ಐತಿ. ನಿಮ್ಮನ್ನ ನೀರಿಗೆ ನೂಕೂ ಖರ್ಚು ಎಲ್ಲಿ ಹಿಡದೀರಿ?" ಎಂದು ಕಾರ್ಡನ್ನು ವಾಪಸು ಕೊಟ್ಟಳು.

ಜನವರಿಯ ಹೊತ್ತಿಗೆ ಹೆಸರು ಬರೆಸಿದವರು ನಾಲ್ಕೇ ಜನ. ನಾವಿಬ್ಬರು, ಮತ್ತು ಮಹಾಲ್ ಬಡಾವಣೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಅಣ್ಣ ತಮ್ಮ ಇಬ್ಬರು. ನನ್ನ ಮನಸ್ಸು ಹಗುರಾಗಿತ್ತು. ಸಂಕ್ರಾಂತಿಗೆ ಇಲ್ಲಿಯ ಕನ್ನಡದವರೆಲ್ಲ ಎಳ್ಳು ಬೆಲ್ಲಕ್ಕೆ ಕೂಡಿದಾಗ ಆ ನಾಲ್ಕು ಐದಾಗದಿರಲಿ ಎಂದು ನಾನೇ ಒಂದಿಷ್ಟು ಮುಂಜಾಗ್ರತೆ ವಹಿಸಿದೆ. ಎಲ್ಲರೂ ಕೇಳುವಂತೆ ಸಮುದ್ರದ ಅಪಾಯಗಳನ್ನು ವರ್ಣಿಸಿದೆ. ಕಿವಿ ಒಡೆಯುವುದು, ಕಾಲು ಹಿಡಿಯುವುದು, ಎರಡು ರೈಲು ಬದಲಿಸುವುದು, ಮುರ್ಡೇಶ್ವರದ ಬಿಸಿಲು. ನನ್ನ ವರ್ಣನೆ ಚೆನ್ನಾಗಿತ್ತು ಎಂದು ಈಗಲೂ ಹೇಳುತ್ತೇನೆ.

"ಮುರ್ಡೇಶ್ವರ ಅಂದ್ರಾ?" ಎಂದಿತು ಹಿಂದಿನಿಂದ ಒಂದು ದನಿ.

ಮೈಸೂರಿನ ಕಡೆಯ ರಾಜಲಕ್ಷ್ಮಮ್ಮನವರು. ಯಜಮಾನರು ಆರ್ಡ್‌ನೆನ್ಸ್ ಫ್ಯಾಕ್ಟರಿಯಿಂದ ನಿವೃತ್ತರು. "ಅಷ್ಟು ದೊಡ್ಡ ಶಿವ ಇದಾನಂತೆ ಅಲ್ಲಿ. ಎಷ್ಟು ವರ್ಷದಿಂದ ಅಂದ್ಕೋತಿದೀನಿ. ಗುಂಪಿನಲ್ಲಿ ಹೋಗ್ತಿದೀರಾ? ಟಿಕೆಟ್ಟು, ಲಾಡ್ಜು ಎಲ್ಲಾ ಅವರೇ ನೋಡ್ಕೋತಾರಾ? ಮತ್ತೆ ಮೊದಲೇ ಹೇಳೋದಲ್ವಾ!"

"ಅಮ್ಮಾ, ಇದು ಮುಳುಗೋ ಟ್ರಿಪ್ಪು."

"ಮುಳುಗೋರು ಮುಳುಗ್ಲಿ, ನಾವು ದರ್ಶನ ಮಾಡ್ತೀವಿ."

ಅವರು, ಅವರ ಯಜಮಾನರು, ಅವರ ಇಬ್ಬರು ನಾದಿನಿಯರು. ಬಾಯಲ್ಲಿದ್ದ ಎಳ್ಳು ಬೆಲ್ಲ ಕರಗುವ ಮೊದಲೇ ನಾಲ್ಕು ಎಂಟಾಯಿತು. ಸುದ್ದಿ ತಿಳಿಸಿದಾಗ ವಾನಖೇಡೆ ಫೋನಿನಲ್ಲೇ ಕುಣಿದರು. "ಶಿವನನ್ನ ನೋಡಲಿಕ್ಕೆ ಬರಲಿ, ಮೀನು ನೋಡಲಿಕ್ಕೆ ಬರಲಿ, ಸೀಟು ಅಂದ್ರ ಸೀಟು. ನಿಮ್ಮಂಥ ಪ್ರಚಾರಕರು ಮೊದಲೇ ಸಿಗಬೇಕಿತ್ತು ಸಾಹೇಬ್!"

ಈಜುಕೊಳದ ತರಬೇತಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ನೋಡಿದವರು ಹೇಗೂ ಹೇಳಿದ್ದಾರೆ. ಎರಡು ಸಂಗತಿ ಮಾತ್ರ ನೆನಪಿಡಿ. ನೀರೊಳಗೆ ಬಾಯಲ್ಲಿ ನಳಿಗೆ ಇರುವುದರಿಂದ ಎಲ್ಲವೂ ಸನ್ನೆ. ಬೆರಳು ಸೇರಿಸಿ ಉಂಗುರ ಮಾಡಿದರೆ ಎಲ್ಲ ಸರಿ ಎಂದು. ಅಂಗೈ ಅಡ್ಡ ಹಿಡಿದು ಅಲುಗಾಡಿಸಿದರೆ ತೊಂದರೆ ಇದೆ ಎಂದು. ಆಮೇಲೆ ತೊಂದರೆ ಎಲ್ಲಿದೆಯೋ ಅಲ್ಲಿಗೆ ಬೆರಳು ತೋರಿಸಬೇಕು. ಹೆಬ್ಬೆರಳು ಮೇಲೆತ್ತಿದರೆ ಮೇಲೆ ಹೋಗೋಣ ಎಂದು. ನನಗೆ ಎರಡನೆಯದು ಬೇಗ ಹತ್ತಿತು. ಇನ್ನೊಂದು, ವಾನಖೇಡೆಯವರ ನಿಯಮ. ಇಳಿಯುವುದು ಜೋಡಿಯಾಗಿ. ಜೋಡಿಯಲ್ಲಿ ಒಬ್ಬರು ಇಳಿಯದಿದ್ದರೆ ಇನ್ನೊಬ್ಬರೂ ಇಳಿಯುವಂತಿಲ್ಲ. ಒಬ್ಬರು ಮೇಲೆ ಬಂದರೆ ಇನ್ನೊಬ್ಬರೂ ಬರಬೇಕು. ನನ್ನ ಜೋಡಿ ಯಾರು ಎಂದು ಹೇಳಬೇಕಾಗಿಲ್ಲ.

ಫೆಬ್ರವರಿಯಲ್ಲಿ ಹೊರಟೆವು. ಸಾಮಾನು ಕಡಿಮೆ ತನ್ನಿ ಎಂದು ವಾನಖೇಡೆ ಹತ್ತು ಸಲ ಹೇಳಿದ್ದರು. ಆದರೆ ನಾಗಪುರದವರು ಪರ ಊರಿಗೆ ಬರಿಗೈಯಲ್ಲಿ ಹೋಗುವುದುಂಟೆ? ದೋಣಿಯವರಿಗೆ ಕೊಡೋಣವೆಂದು ನಾವು ಒಂದು ಚೀಲ ಕಿತ್ತಳೆ ತಂದಿದ್ದೆವು. ಬಟ್ಟೆ ಅಂಗಡಿಯ ಅಣ್ಣ ಒಂದು, ಅವನಿಗೆ ತಿಳಿಸದೆ ತಮ್ಮ ಒಂದು. ರಾಜಲಕ್ಷ್ಮಮ್ಮನವರು ಶಿವನಿಗೆ ಒಂದು, ದೋಣಿಗೆ ಒಂದು. ನಾದಿನಿಯರ ಚೀಲ ಬೇರೆ. ಬೆಳಿಗ್ಗೆ ದೋಣಿ ಹೊರಟಾಗ ಕಾಲಿಡಲು ಜಾಗವಿರಲಿಲ್ಲ. ದೋಣಿ ನಡೆಸುವವರು ವಾನಖೇಡೆಯವರ ಚೀಲವನ್ನೂ ಬಿಚ್ಚಿ ನೋಡಿದರು. ಅದರಲ್ಲೂ ಕಿತ್ತಳೆ.

ದರ್ಶನ ಹಿಂದಿನ ಸಂಜೆಯೇ ಮುಗಿದಿದ್ದರೂ, ದುಡ್ಡು ಕೊಟ್ಟ ಸೀಟನ್ನು ಖಾಲಿ ಬಿಡುವುದು ಮಹಾಪಾಪವೆಂದು ದರ್ಶನದ ಪಾರ್ಟಿ ಪೂರ್ತಿ ದೋಣಿ ಹತ್ತಿತ್ತು.

ದ್ವೀಪದ ಹತ್ತಿರ ದೋಣಿ ನಿಂತಿತು. ಅಣ್ಣ ತಮ್ಮ ಇಳಿದು, ನೋಡಿ, ನಗುತ್ತ ಮೇಲೆ ಬಂದರು. ನಮ್ಮ ಸರದಿ. ಸುಮಂಗಲಾ ಮಾಸ್ಕ್ ಏರಿಸಿ ದೋಣಿಯ ಅಂಚಿನಲ್ಲಿ ಕುಳಿತಿದ್ದಳು. ನಾನು ಕೆಳಗೆ ನೋಡಿದೆ. ನೀರು ಕೂಡ ನನ್ನನ್ನು ನೋಡುತ್ತಿತ್ತು.

"ನಾ ಒಂದೀಟು ಬಟ್ಟಿ ಕಾಯ್ತೇನಿ" ಎಂದೆ.

ದೋಣಿಯಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ಸಮುದ್ರದ ನಡುವೆ ನಮ್ಮ ಬಟ್ಟೆಯನ್ನು ಯಾರು ಕದಿಯಬೇಕಿತ್ತೋ ತಿಳಿಯದು. ಸುಮಂಗಲಾ ಜಗಳವಾಡಲಿಲ್ಲ. ಮೆಲ್ಲನೆ ಮಾಸ್ಕ್ ತೆಗೆದು ಮಡಿಲಲ್ಲಿಟ್ಟುಕೊಂಡು, "ಹಂಗಾರ ನಂದೂ ಆತು" ಎಂದಳು. ಬೈದಿದ್ದರೆ ವಾಸಿಯಿತ್ತು. ಆಕೆ ನೀರನ್ನೇ ನೋಡುತ್ತಿದ್ದಳು, ಹಗ್ಗ ಇಳಿಸಿ ಕಾಯುವವರಂತೆ.

ಅಷ್ಟರಲ್ಲಿ ರಾಜಲಕ್ಷ್ಮಮ್ಮ ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿದರು. "ಹಿರೇಮಠ್ ಅವ್ರೇ, ಆ ಅಂಗಿ ಪ್ಯಾಂಟು ಇಲ್ಲಿ ಕೊಡಿ. ನಾನು ಹೇಗೂ ಇಳಿಯಲ್ಲ. ನಾಲ್ಕು ಜನ ಕಾಯ್ತೀವಿ, ಆಯ್ತಾ? ಏಳಿ ಮೇಲೆ!" ಎಂದು ನನ್ನ ಬಟ್ಟೆಯನ್ನು ಕಿತ್ತುಕೊಂಡು ತಮ್ಮ ತೊಡೆಯ ಮೇಲಿಟ್ಟು, ಅದರ ಮೇಲೆ ಕಿತ್ತಳೆಯ ಚೀಲ ಹೇರಿ ಭದ್ರ ಮಾಡಿದರು. ಜೀವಮಾನದ ಹುದ್ದೆ ಒಂದು ಕ್ಷಣದಲ್ಲಿ ಕೈಬಿಟ್ಟಿತು. ನೀರಿಗೆ ನೂಕುವ ಖರ್ಚು ಎಂದರೆ ಏನೆಂದು ಆಗ ಅರ್ಥವಾಯಿತು. ಇಬ್ಬರೇ ಬಂದಿದ್ದರೆ ಆ ಇಳಕಲ್ ಸೀರೆ ಉಳಿಯುತ್ತಿತ್ತು, ನಾನೂ ದೋಣಿಯಲ್ಲೇ ಉಳಿಯುತ್ತಿದ್ದೆ.

ಇಳಿದೆ. ವಾನಖೇಡೆ ನಮ್ಮಿಬ್ಬರ ನಡುವೆ. ಮೊದಲು ಕಿವಿ ಬಿಗಿದವು, ಆಮೇಲೆ ಬಿಟ್ಟವು. ಹಳದಿ ಪಟ್ಟೆಯ ಮೀನುಗಳು ಬಂದು ನನ್ನನ್ನು ಪರೀಕ್ಷಿಸಿ, ಅಷ್ಟೇನೂ ಇಲ್ಲ ಎಂದು ತೀರ್ಮಾನಿಸಿ ಹೋದವು. ನಾವು ತಲೆತಲಾಂತರದಿಂದ ಮೀನು ತಿನ್ನದ ಮನೆತನ. ಅದು ಅವಕ್ಕೂ ಗೊತ್ತಿದ್ದಂತಿತ್ತು. ಸುಮಂಗಲಾ ತಳದ ಹತ್ತಿರ ತೇಲುತ್ತ ಒಂದೊಂದು ಕಲ್ಲನ್ನೂ, ತರಕಾರಿ ಆರಿಸುವಷ್ಟು ಕಾಳಜಿಯಿಂದ, ಬಗ್ಗಿ ನೋಡುತ್ತಿದ್ದಳು. ಚೆನ್ನಾಗಿಯೇ ಇದೆಯಲ್ಲ ಎಂದುಕೊಂಡೆ.

ಆಗ ಆ ನೀಲಿ ಮೀನುಗಳು ಬಂದವು. ಸಣ್ಣವು, ನೂರಾರು, ಒಂದು ಬಂಡೆಯ ಸುತ್ತ ಉಂಗುರದಂತೆ ನಿಂತು ಮಿಣಮಿಣ ಕುಣಿಯುತ್ತಿದ್ದವು. ಎಲ್ಲೋ ನೋಡಿದ್ದೇನಲ್ಲ ಇದನ್ನು ಎಂದು ಯೋಚಿಸಿದೆ. ಹೊಳೆಯಿತು. ಗ್ಯಾಸ್ ಒಲೆ! ಹೊರಡುವ ದಿನ ಅವಲಕ್ಕಿ ಒಗ್ಗರಣೆ ಹಾಕಿದ ಮೇಲೆ ಸಿಲಿಂಡರಿನ ಕಿವಿ ತಿರುವಿ ಬಂದ್ ಮಾಡಿದ್ದು ಯಾರು?

ಅಂಗೈ ಅಲುಗಾಡಿಸಿದೆ. ವಾನಖೇಡೆ ತಕ್ಷಣ ಬಂದರು. ಕಿವಿಯೇ? ಅಲ್ಲ. ಮಾಸ್ಕೇ? ಅಲ್ಲ. ಮತ್ತೆ ಎಲ್ಲಿ? ತೊಂದರೆ ಇರುವುದು ನಾಗಪುರದಲ್ಲಿ. ಬೆರಳು ಯಾವ ಕಡೆಗೆ ತೋರಿಸಲಿ? ಕೈಯಲ್ಲಿ ಸಿಲಿಂಡರಿನ ಕಿವಿ ತಿರುವಿ ತೋರಿಸಿದೆ. ಅವರ ಕಣ್ಣು ಅಗಲವಾಯಿತು. ನನ್ನ ಬೆನ್ನಿನ ಗಾಳಿ ಸಿಲಿಂಡರನ್ನು ತಡಕಿದರು, ಗಾಳಿಯ ಮೀಟರಿನ ಮುಳ್ಳು ನೋಡಿದರು. ಎಲ್ಲ ಸರಿ ಇತ್ತು. ನಾನು ಮತ್ತೆ ತಿರುವಿದೆ. ಸಾಲದೆಂದು ಕಡ್ಡಿ ಗೀರಿ ತೋರಿಸಿದೆ, ಎರಡೂ ಕೈಯಿಂದ ಉರಿ ಏಳಿಸಿದೆ. ಇಷ್ಟು ವರ್ಷ ನೌಕಾದಳದಲ್ಲಿದ್ದವರಿಗೂ ನೀರಿನ ತಳದಲ್ಲಿ ಬೆಂಕಿಯ ದೂರು ಬಂದದ್ದು ಅದೇ ಮೊದಲಿರಬೇಕು. ಅವರು ಹೆಬ್ಬೆರಳು ಎತ್ತತೊಡಗಿದರು. ಅಂದರೆ ಮೇಲೆ. ನಾನು ಹೋದರೆ ಆಕೆಯೂ.

ಸುಮಂಗಲಾ ತಿರುಗಿ ನೋಡಿದಳು. ಆ ಬೆರಳನ್ನು ನೋಡಿದಳು, ನನ್ನ ಕೈಯನ್ನು ನೋಡಿದಳು. ಸರಸರನೆ ಈಜಿ ಬಂದು ನನ್ನ ಮುಖಕ್ಕೆ ಮುಖ ಹಿಡಿದಳು. ಗಾಜಿಗೆ ಗಾಜು ತಾಗಿತು. ಆಮೇಲೆ ಬಲಗೈಯನ್ನು ನಮ್ಮಿಬ್ಬರ ನಡುವೆ ಹಿಡಿದು, ಇಲ್ಲದ ಸಿಲಿಂಡರಿನ ಕಿವಿಯನ್ನು ಬಿಗಿಯಾಗಿ, ಕೊನೆಯವರೆಗೂ ತಿರುವಿ, ಎರಡೂ ಕೈ ಕೊಡವಿ, ಎದೆ ಮುಟ್ಟಿಕೊಂಡು ಉಂಗುರ ತೋರಿಸಿದಳು. ಮುಚ್ಚೇನಿ. ನಾನೇ ಮುಚ್ಚೇನಿ. ಎಲ್ಲಾ ಬರೋಬರ್.

ನಂಬಿದೆ. ನಾನೂ ಉಂಗುರ ತೋರಿಸಿದೆ. ವಾನಖೇಡೆ ಒಮ್ಮೆ ಆಕೆಯನ್ನು, ಒಮ್ಮೆ ನನ್ನನ್ನು ನೋಡಿ, ಗಂಡ ಹೆಂಡಿರ ನಡುವೆ ನಮಗೇನು ಎನ್ನುವಂತೆ ಹೆಬ್ಬೆರಳು ಮಡಚಿದರು. ಗಾಳಿ ಇರುವವರೆಗೂ ತಳದಲ್ಲಿದ್ದೆವು. ಕೊನೆಗೆ ಒಂದು ಆಮೆಯೂ ಬಂತು. ಇನ್ನೂ ಅದೇ ಮದುವೆಗೆ ಹೊರಟಿತ್ತು.

ದೋಣಿ ಹತ್ತಿ ನಳಿಗೆ ತೆಗೆದ ಕೂಡಲೇ ಕೇಳಿದೆ. "ಯಾವಾಗ ಮುಚ್ಚಿದಿ? ಆಟೋ ಬರೂಕಿಂತ ಮೊದಲೋ, ಆಮ್ಯಾಲೋ?"

"ಏನು?"

"ಗ್ಯಾಸು!"

"ನನಗೇನು ನೆನಪ್ರೀ? ಅಷ್ಟು ದೂರ ಬಂದು, ಇನ್ನೂ ಅರ್ಧಾ ತಳಾ ನೋಡಿದ್ದಿಲ್ಲ. ನಿಮ್ಮ ಗ್ಯಾಸಿನ ಸಲುವಾಗಿ ಮ್ಯಾಲ ಬರ್ಲೇನು?"

ನಾನು ನನ್ನ ಪ್ಯಾಂಟು ಇಸಿದುಕೊಂಡು ಫೋನಿಗೆ ತಡಕಾಡಿದೆ. ಆದರೆ ನೋಡಿ, ಅಲ್ಲಿ ಒಂದು ವಿಚಿತ್ರ ನಡೆಯಿತು. "ಇಸ್ತ್ರಿ ಪೆಟ್ಟಿಗೆ ಸ್ವಿಚ್ಚು..." ಎಂದು ರಾಜಲಕ್ಷ್ಮಮ್ಮ ಎದೆಯ ಮೇಲೆ ಕೈಯಿಟ್ಟರು. ಅಂಗಡಿಯ ಶಟರಿಗೆ ಬೀಗ ಹಾಕಿದ್ದು ನೀನೋ ನಾನೋ ಎಂದು ಅಣ್ಣ ತಮ್ಮಂದಿರಲ್ಲಿ ಮರಾಠಿಯ ಜಗಳ ಹತ್ತಿತು. ನಾದಿನಿಯರಿಗೆ ಬಚ್ಚಲಿನ ನಲ್ಲಿ ನೆನಪಾಯಿತು. ಅಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಇಡೀ ದೋಣಿ ಫೋನ್ ಎತ್ತಿ ಹಿಡಿದು, ಕಿತ್ತಳೆ ತಿನ್ನುತ್ತ, ಒಕ್ಕೊರಲಿನಿಂದ ಚಿಂತಿಸತೊಡಗಿತು. ನನ್ನ ಜನ್ಮದಲ್ಲಿ ಅಷ್ಟು ಹಗುರಾಗಿ ನಾನು ಚಿಂತೆ ಮಾಡಿಲ್ಲ. ಒಬ್ಬನೇ ಹೊತ್ತರೆ ಬೆನ್ನು ಮುರಿಯುವ ಸರಕು, ಒಂಬತ್ತು ಪಾಲಾದಾಗ ಶೇಂಗಾ ಪೊಟ್ಟಣದಷ್ಟೇ ಆಗಿತ್ತು. ಗ್ರೂಪ್ ರೇಟು ಎಂದರೆ ಬರೀ ಟಿಕೆಟ್ಟಿನದಲ್ಲ ಎಂದು ತಿಳಿಯಿತು.

ದಂಡೆ ಹತ್ತಿರವಾದಾಗ ಮೊದಲು ಜೀವ ಬಂದದ್ದು ನನ್ನ ಫೋನಿಗೆ. ನಮ್ಮ ಮನೆಯ ಕೀಲಿ ಎದುರು ಮನೆ ಕಾಕು ಹತ್ತಿರ ಇರುತ್ತದೆ. ಎಲ್ಲರೂ ಕೇಳಲೆಂದು ಸ್ಪೀಕರ್ ಹಾಕಿದೆ. ಕಾಕು ಬಾಗಿಲು ತೆಗೆದದ್ದು, ಚಪ್ಪಲಿ ಬಿಟ್ಟದ್ದು, ಅಡುಗೆಮನೆಗೆ ನಡೆದದ್ದು, ಎಲ್ಲ ಕೇಳಿಸಿತು. ದೋಣಿಯವರು ಇಂಜಿನ್ನನ್ನೇ ಬಂದ್ ಮಾಡಿದರು.

"ಗ್ಯಾಸ್ ಬಂದ್ ಆಹೇ!" ಎಂದರು ಕಾಕು. ಬಂದ್ ಇದೆ!

ಇಡೀ ದೋಣಿ ಚಪ್ಪಾಳೆ ತಟ್ಟಿತು. ವಾನಖೇಡೆ ನನ್ನನ್ನು ಅಪ್ಪಿಕೊಂಡರು. ಮುಚ್ಚಿದ್ದು ಯಾರು ಎಂಬುದು ಮಾತ್ರ ಇವತ್ತಿಗೂ ಗೊತ್ತಾಗಿಲ್ಲ. ಆಟೋದಿಂದ ಎರಡು ಸಲ ಇಳಿದು ಮನೆಗೆ ಓಡಿದ್ದು ನಾನೇ ಆದ್ದರಿಂದ ನನ್ನ ಮೇಲೇ ನನಗೆ ಸಂಶಯವಿದೆ.

ಈಗ ಇದನ್ನೆಲ್ಲ ಯಾಕೆ ಹೇಳಿದೆನೆಂದರೆ, ಇವತ್ತು ಬೆಳಿಗ್ಗೆ ವಾನಖೇಡೆ ಫೋನ್ ಮಾಡಿದ್ದರು. ಈ ವರ್ಷದ ಟ್ರಿಪ್ಪಿಗೆ ಆರೇ ಜನ ಆಗಿದ್ದಾರಂತೆ. ರಾಜಲಕ್ಷ್ಮಮ್ಮ ಬಟ್ಟೆ ಕಾಯಲೆಂದೇ ಹೆಸರು ಬರೆಸಿದ್ದಾರಂತೆ. "ಸಾಹೇಬ್, ಇಬ್ಬರು ಕಡಿಮೆ ಬಿದ್ದಾರ" ಎಂದರು. ಅವರ ಹಿಂದೆ ಒಂದು ಕೂಲರ್ ಗುರ್ ಎನ್ನುತ್ತಿತ್ತು.

ನಾನು ಫೋನಿಗೆ ಕೈ ಅಡ್ಡ ಹಿಡಿದು ಅಡುಗೆಮನೆಗೆ ಹೋದೆ. ಈ ಸಲ ಕಚೇರಿಯಲ್ಲಿ ರಜೆ ಕಷ್ಟ, ಮೊಣಕಾಲು ನೋವು, ರೈಲು ತಡವಾದರೆ ಎರಡನೆಯ ರೈಲು ತಪ್ಪುತ್ತದೆ, ಮತ್ತೆ ಈ ಸಲ ಗೀಸರೂ ಹೊಸದು ಬಂದಿದೆ ಎಂದು ಒಂದೊಂದಾಗಿ ಹೇಳಿದೆ. ಸುಮಂಗಲಾ ಮಾಸ್ಕ್ ಹಾಕಿಕೊಂಡು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ತಲೆ ಎತ್ತಿ ಗಾಜಿನೊಳಗಿಂದ ನನ್ನನ್ನು ನೋಡಿದಳು. ಚಾಕು ಕೆಳಗಿಟ್ಟಳು.

ಬಲಗೈಯನ್ನು ನಮ್ಮಿಬ್ಬರ ನಡುವೆ ಹಿಡಿದು, ಗಾಳಿಯಲ್ಲೇ ಸಿಲಿಂಡರಿನ ಕಿವಿಯನ್ನು ಬಿಗಿಯಾಗಿ, ಕೊನೆಯವರೆಗೂ ತಿರುವಿದಳು. ಎರಡೂ ಕೈ ಕೊಡವಿದಳು. ಉಂಗುರ ತೋರಿಸಿದಳು.

ಸುಳ್ಳೆಂದು ನನಗೆ ಗೊತ್ತು. "ಇಬ್ಬರ ಹೆಸರು ಬರಕೊಳ್ರಿ" ಎಂದೆ ಫೋನಿಗೆ.